ಹೊಸಬರಿಗೆ ಯಾವ ಲಿನಕ್ಸ್ ಸುಲಭ? ಆರಿಸಿ, ಪರೀಕ್ಷಿಸಿ, ಹಾಕಿಕೊಳ್ಳುವ ಕ್ರಮ

"ನನ್ನ ಕಂಪ್ಯೂಟರ್‌ಗೆ ಯಾವ ಲಿನಕ್ಸ್ ಹಾಕಲಿ?" ಈ ಪ್ರಶ್ನೆ ಮೊದಲಿನಿಂದಲೂ ಇತ್ತು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ ನಿಂತ ಮೇಲೆ ಕೇಳುವವರು ಜಾಸ್ತಿಯಾಗಿದ್ದಾರೆ. ವಿಂಡೋಸ್ 11 ಹಾಕೋಣ ಅಂದರೆ ಅದಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು, ಪ್ರೊಸೆಸರ್ ತೀರಾ ಹಳೆಯದಾಗಿರಬಾರದು. ಚೆನ್ನಾಗಿಯೇ ನಡೆಯುತ್ತಿರುವ ಎಷ್ಟೋ ಲ್ಯಾಪ್‌ಟಾಪ್‌ಗಳು ಈ ನಿಯಮದಿಂದ ಹೊರಗುಳಿದಿವೆ. ಅಂಥ ಯಂತ್ರಕ್ಕೆ ಲಿನಕ್ಸ್ ಇನ್ನೂ ಹಲವು ವರ್ಷದ ಆಯುಸ್ಸು ಕೊಡುತ್ತದೆ. ಆದರೆ ಹುಡುಕಲು ಹೊರಟರೆ ನೂರಾರು ಹೆಸರು ಎದುರಾಗುತ್ತವೆ, ಅಲ್ಲೇ ಹೆಚ್ಚಿನವರು ಕೈಬಿಡುತ್ತಾರೆ.

ಮೊದಲು "ಸುಲಭ" ಅಂದರೆ ಏನು ಅನ್ನುವುದು ಇತ್ಯರ್ಥವಾಗಲಿ. ಬಹಳಷ್ಟು ಹೋಲಿಕೆಗಳು ಪರದೆಯ ಚಿತ್ರ ನೋಡಿ ಅಂಕ ಕೊಡುತ್ತವೆ. ಚಂದದ ಐಕಾನ್, ಚಂದದ ಮೆನು. ಅದು ಮೊದಲ ಅರ್ಧ ಗಂಟೆಯ ಸುಲಭ ಅಷ್ಟೇ. ನಾನು ನೋಡುವುದು ಮೂರು ವಿಷಯ. ಹಾಕಿದ ದಿನವೇ ವೈಫೈ, ಸದ್ದು, ವಿಡಿಯೋ ತಾನಾಗಿ ನಡೆಯುತ್ತವಾ? ಆರು ತಿಂಗಳು ಅಪ್‌ಡೇಟ್ ಮಾಡಿದ ಮೇಲೂ ಹಾಗೇ ನಡೆಯುತ್ತವಾ? ಏನಾದರೂ ಕೈಕೊಟ್ಟರೆ ಹುಡುಕಿದಾಗ ಉತ್ತರ ಸಿಗುತ್ತದಾ? ಇವುಗಳಲ್ಲಿ ನನ್ನ ಮಟ್ಟಿಗೆ ಎರಡನೆಯದೇ ದೊಡ್ಡದು. ಮೊದಲ ದಿನದ ತೊಂದರೆಯನ್ನು ಯಾರಾದರೂ ಪಕ್ಕದಲ್ಲಿ ಕೂತು ಸರಿಮಾಡಿಕೊಡಬಹುದು. ಆರು ತಿಂಗಳ ಮೇಲೆ, ನಾಳೆ ಏನೋ ಒಪ್ಪಿಸಬೇಕು ಅನ್ನುವ ರಾತ್ರಿ ಪರದೆ ಕಪ್ಪಾದರೆ ನೀವೊಬ್ಬರೇ ಇರುತ್ತೀರಿ.

ಎರಡು ಪದ ಗೊತ್ತಿದ್ದರೆ ಮುಂದಿನದೆಲ್ಲ ಅರ್ಥವಾಗುತ್ತದೆ. ಲಿನಕ್ಸ್ ಅನ್ನುವುದು ನಿಜವಾಗಿ ಕರ್ನಲ್‌ನ ಹೆಸರು. ಕರ್ನಲ್ ಅಂದರೆ ಯಂತ್ರದ ಭಾಗಗಳಿಗೂ ನಮ್ಮ ಸಾಫ್ಟ್‌ವೇರ್‌ಗಳಿಗೂ ನಡುವೆ ನಿಂತು ಕೆಲಸ ಮಾಡಿಸುವ ಭಾಗ. ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಇದನ್ನು ಶುರು ಮಾಡಿದರು. ಆ ಕರ್ನಲ್‌ಗೆ ಡೆಸ್ಕ್‌ಟಾಪ್, ಬ್ರೌಸರ್, ಸೆಟ್ಟಿಂಗ್ಸ್, ಅಪ್‌ಡೇಟ್ ವ್ಯವಸ್ಥೆ ಎಲ್ಲ ಸೇರಿಸಿ ಒಂದು ಕಟ್ಟಾಗಿ ಕೊಡುವುದೇ ಡಿಸ್ಟ್ರಿಬ್ಯೂಷನ್, ಚಿಕ್ಕದಾಗಿ ಡಿಸ್ಟ್ರೋ. ಉಬುಂಟು, ಮಿಂಟ್, ಫೆಡೋರಾ ಎಲ್ಲ ಡಿಸ್ಟ್ರೋಗಳೇ. ಒಳಗಿನ ಸಾಮಾನು ಬಹುಪಾಲು ಒಂದೇ, ಜೋಡಿಸಿದ ರೀತಿ ಬೇರೆ.

ಬೇಕಾಗುವ ವಸ್ತುಗಳು ಕಡಿಮೆ. ಕನಿಷ್ಠ 8 ಜಿಬಿಯ ಒಂದು ಪೆನ್‌ಡ್ರೈವ್, ಎರಡು ಮೂರು ಡಿಸ್ಟ್ರೋ ಹೋಲಿಸಿ ನೋಡುವುದಾದರೆ 32 ಜಿಬಿಯದು. ನಿಮ್ಮ ಫೈಲ್‌ಗಳ ನಕಲು ಇಡಲು ಬೇರೊಂದು ಹಾರ್ಡ್‌ಡಿಸ್ಕ್. ನಡುವೆ ಏನಾದರೂ ಸಿಕ್ಕಿಹಾಕಿಕೊಂಡರೆ ಹುಡುಕಲು ಕೈಯಲ್ಲೊಂದು ಫೋನ್. ಮತ್ತೆ ಅವಸರವಿಲ್ಲದ ಅರ್ಧ ದಿನ.

ಹಂತ 1: ನಿಮ್ಮ ಕೆಲಸಗಳ ಪಟ್ಟಿ ಬರೆಯಿರಿ

ಡಿಸ್ಟ್ರೋ ಹೆಸರು ನೋಡುವ ಮೊದಲೇ ಒಂದು ಹಾಳೆ ತೆಗೆದುಕೊಳ್ಳಿ. ವಾರದಲ್ಲಿ ನೀವು ತೆರೆಯುವ ಪ್ರತಿಯೊಂದು ಸಾಫ್ಟ್‌ವೇರ್ ಹೆಸರು ಬರೆಯಿರಿ. ನೆನಪಿನಿಂದ ಬರೆದರೆ ಅರ್ಧ ಬಿಟ್ಟುಹೋಗುತ್ತದೆ, ಸ್ಟಾರ್ಟ್ ಮೆನು ನೋಡಿಕೊಂಡೇ ಬರೆಯಿರಿ.

ಈಗ ಒಂದೊಂದರ ಮುಂದೆ ಗುರುತು ಹಾಕಿ. ಕ್ರೋಮ್, ಫೈರ್‌ಫಾಕ್ಸ್, ವಿಎಲ್‌ಸಿ, ಟೆಲಿಗ್ರಾಂ, ಜಿಂಪ್, ಬ್ಲೆಂಡರ್ ಎಲ್ಲ ಲಿನಕ್ಸ್‌ನಲ್ಲಿ ನೇರವಾಗಿ ಸಿಗುತ್ತವೆ. ಮೈಕ್ರೋಸಾಫ್ಟ್ ಆಫೀಸ್ ಇಲ್ಲ. ಅದರ ವೆಬ್ ಆವೃತ್ತಿ ಬ್ರೌಸರ್‌ನಲ್ಲಿ ನಡೆಯುತ್ತದೆ, ಇಲ್ಲವೇ ಲಿಬ್ರೆಆಫೀಸ್ ಬಳಸಬಹುದು. ಸರಳ ಪತ್ರ, ಲೆಕ್ಕದ ಹಾಳೆಗೆ ಲಿಬ್ರೆಆಫೀಸ್ ಸಾಕು. ಮ್ಯಾಕ್ರೋ ತುಂಬಿದ ಎಕ್ಸೆಲ್ ಫೈಲ್ ಅಥವಾ ನಾಜೂಕಾಗಿ ಜೋಡಿಸಿದ ವರ್ಡ್ ಕಡತ ಹೋಗಿಬರುವ ಕೆಲಸವಾದರೆ ಅಲ್ಲಲ್ಲಿ ಜೋಡಣೆ ತಪ್ಪುತ್ತದೆ. ಫೋಟೋಶಾಪ್ ಮತ್ತು ಅಡೋಬಿಯ ಉಳಿದ ಸಾಫ್ಟ್‌ವೇರ್‌ಗಳಿಗೆ ಲಿನಕ್ಸ್ ಆವೃತ್ತಿ ಇಲ್ಲ.

ಆಟ ಆಡುವವರಿಗೆ ಸುದ್ದಿ ಚೆನ್ನಾಗಿದೆ, ಒಂದು ಷರತ್ತಿನೊಂದಿಗೆ. ವಾಲ್ವ್ ಕಂಪನಿ 2018ರಲ್ಲಿ ತಂದ ಪ್ರೋಟಾನ್‌ನಿಂದ ವಿಂಡೋಸ್‌ಗೆಂದೇ ಮಾಡಿದ ಸಾವಿರಾರು ಆಟಗಳು ಆ ಕಂಪನಿಯದೇ ಆಟದಂಗಡಿ ಸ್ಟೀಮ್ ಮೂಲಕ ಲಿನಕ್ಸ್‌ನಲ್ಲಿ ನಡೆಯುತ್ತವೆ. ಆದರೆ ಮೋಸ ತಡೆಯಲು ಕರ್ನಲ್ ಮಟ್ಟದ ಕಾವಲು ಇಟ್ಟಿರುವ ವ್ಯಾಲೊರಂಟ್‌ನಂಥ ಆನ್‌ಲೈನ್ ಆಟಗಳು ನಡೆಯುವುದಿಲ್ಲ. ಯಾವ ಡಿಸ್ಟ್ರೋ ಹಾಕಿದರೂ ಅಷ್ಟೇ.

ಎಚ್ಚರ: ನಿಮ್ಮ ಹೊಟ್ಟೆಪಾಡಿನ ಕೆಲಸಕ್ಕೆ ವಿಂಡೋಸ್‌ನಲ್ಲಷ್ಟೇ ನಡೆಯುವ ಒಂದು ಸಾಫ್ಟ್‌ವೇರ್ ಬೇಕೇಬೇಕು ಅಂದರೆ ವಿಂಡೋಸ್ ಅಳಿಸಬೇಡಿ. ವೈನ್ ಎಂಬ ಸಾಧನದಿಂದ ಕೆಲವು ವಿಂಡೋಸ್ ಸಾಫ್ಟ್‌ವೇರ್ ನಡೆಸಬಹುದು ನಿಜ, ಆದರೆ ಅದನ್ನು ನಂಬಿ ಹೊಳೆ ದಾಟಬೇಡಿ. ಎರಡನ್ನೂ ಒಂದೇ ಯಂತ್ರದಲ್ಲಿ ಇಟ್ಟುಕೊಳ್ಳುವ ದಾರಿ 7ನೇ ಹಂತದಲ್ಲಿದೆ.

ಹಂತ 2: ಯಂತ್ರದ ತಾಕತ್ತು ನೋಡಿ

ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ವಿಭಾಗ ನೋಡಿದರೆ ಪ್ರೊಸೆಸರ್, ರ‍್ಯಾಮ್, ಡಿಸ್ಕ್, ಗ್ರಾಫಿಕ್ಸ್ ಎಲ್ಲ ಒಂದೇ ಕಡೆ ಕಾಣುತ್ತವೆ. ಬರೆದಿಟ್ಟುಕೊಳ್ಳಿ.

8 ಜಿಬಿ ರ‍್ಯಾಮ್ ಇದ್ದರೆ ಯಾವುದು ಬೇಕಾದರೂ ಹಾಕಿ. 4 ಜಿಬಿ ಇದ್ದರೆ ಹಗುರವಾದ ಡೆಸ್ಕ್‌ಟಾಪ್ ಆರಿಸಿ. 2 ಜಿಬಿಯ ಯಂತ್ರದಲ್ಲೂ ಲಿನಕ್ಸ್ ಏಳುತ್ತದೆ, ಆದರೆ ಇಂದಿನ ವೆಬ್‌ಸೈಟ್‌ಗಳೇ ಅಷ್ಟು ರ‍್ಯಾಮ್ ತಿಂದುಬಿಡುತ್ತವೆ. ಬ್ರೌಸರ್‌ನಲ್ಲಿ ಮೂರು ಟ್ಯಾಬ್ ತೆರೆದರೆ ಯಾವ ಡಿಸ್ಟ್ರೋ ಆದರೂ ಒದ್ದಾಡುತ್ತದೆ. ಡಿಸ್ಟ್ರೋ ಬದಲಿಸುವುದಕ್ಕಿಂತ ಹಳೆಯ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸುವುದು ನಿಧಾನ ಯಂತ್ರಕ್ಕೆ ಹೆಚ್ಚು ಉಪಕಾರ ಮಾಡುತ್ತದೆ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಪ್ರೊಸೆಸರ್ 64 ಬಿಟ್‌ನದಾಗಿರಬೇಕು. 32 ಬಿಟ್‌ನ ಯಂತ್ರಗಳಿಗೆ ಉಬುಂಟು, ಮಿಂಟ್, ಫೆಡೋರಾ ಮೂರರ ಮುಖ್ಯ ಆವೃತ್ತಿಗಳೂ ಬಾಗಿಲು ಮುಚ್ಚಿ ವರ್ಷಗಳಾದವು.

ಗ್ರಾಫಿಕ್ಸ್ ಇಂಟೆಲ್ ಅಥವಾ ಎಎಂಡಿ ಆಗಿದ್ದರೆ ಅದನ್ನು ನಡೆಸುವ ತುಣುಕು, ಅಂದರೆ ಡ್ರೈವರ್, ಕರ್ನಲ್ ಜೊತೆಗೇ ಬರುತ್ತದೆ, ನೀವು ಏನೂ ಮಾಡಬೇಕಿಲ್ಲ. ಎನ್‌ವಿಡಿಯಾ ಇದ್ದರೆ ಹಾಳೆಯಲ್ಲಿ ದೊಡ್ಡದಾಗಿ ಬರೆದುಕೊಳ್ಳಿ. ಹೊಸಬರ ತಲೆನೋವಿಗೆ ದೊಡ್ಡ ಮೂಲ ಅದು, ಮುಂದೆಯೂ ಅದರ ಮಾತು ಬರುತ್ತದೆ.

ಹಂತ 3: ಡಿಸ್ಟ್ರೋಗಿಂತ ಮೊದಲು ಡೆಸ್ಕ್‌ಟಾಪ್ ಆರಿಸಿ

ನೀವು ದಿನವೂ ಕಣ್ಣಲ್ಲಿ ನೋಡಿ ಕೈಯಲ್ಲಿ ಮುಟ್ಟುವುದು ಡೆಸ್ಕ್‌ಟಾಪ್ ಎನ್ವಿರಾನ್‌ಮೆಂಟ್ ಅನ್ನು. ಮೆನು, ಟಾಸ್ಕ್‌ಬಾರ್, ಕಿಟಕಿಗಳು, ಸೆಟ್ಟಿಂಗ್ಸ್ ಸೇರಿದ ಭಾಗಕ್ಕೆ ಈ ಹೆಸರು. ವಿಂಡೋಸ್‌ನಲ್ಲಿ ಅದು ಒಂದೇ, ಲಿನಕ್ಸ್‌ನಲ್ಲಿ ಹಲವು. ಒಂದೇ ಡಿಸ್ಟ್ರೋ ಬೇರೆ ಬೇರೆ ಡೆಸ್ಕ್‌ಟಾಪ್‌ಗಳೊಂದಿಗೆ ಸಿಗುತ್ತದೆ. "ಉಬುಂಟು ನನಗೆ ಹಿಡಿಸಲಿಲ್ಲ" ಅನ್ನುವವರಲ್ಲಿ ಎಷ್ಟೋ ಜನರಿಗೆ ಹಿಡಿಸದೇ ಇದ್ದದ್ದು ಅದರ ಡೆಸ್ಕ್‌ಟಾಪ್ ಅಷ್ಟೇ.

ಸಿನಮನ್: ಕೆಳಗೆ ಟಾಸ್ಕ್‌ಬಾರ್, ಎಡಮೂಲೆಯಲ್ಲಿ ಮೆನು, ಬಲಮೂಲೆಯಲ್ಲಿ ಗಡಿಯಾರ. ವಿಂಡೋಸ್ 7 ಅಥವಾ 10 ಬಳಸಿದ ಕೈಗೆ ಹೊಸದಾಗಿ ಕಲಿಯುವುದು ಬಹಳ ಕಡಿಮೆ. ಮಿಂಟ್ ತಂಡವೇ ಇದನ್ನು 2011ರಲ್ಲಿ ಶುರು ಮಾಡಿತು.

ಗ್ನೋಮ್: ಉಬುಂಟು ಮತ್ತು ಫೆಡೋರಾ ಎರಡರ ಮುಖ್ಯ ಡೆಸ್ಕ್‌ಟಾಪ್. ಇದರ ರೀತಿಯೇ ಬೇರೆ. ವಿಂಡೋಸ್ ಚಿಹ್ನೆಯ ಕೀಲಿ ಒತ್ತಿದರೆ ತೆರೆದ ಕಿಟಕಿಗಳೆಲ್ಲ ಹರಡಿಕೊಳ್ಳುತ್ತವೆ, ಹೆಸರು ಟೈಪ್ ಮಾಡಿದರೆ ಸಾಫ್ಟ್‌ವೇರ್ ತೆರೆಯುತ್ತದೆ. ಫೆಡೋರಾದಲ್ಲಿ ಕಿಟಕಿಗೆ ಮಿನಿಮೈಸ್ ಬಟನ್ ಕೂಡ ಇರುವುದಿಲ್ಲ. ಉಬುಂಟು ಆ ಬಟನ್ ಕೊಡುತ್ತದೆ, ಪಕ್ಕದಲ್ಲಿ ಐಕಾನ್‌ಗಳ ಪಟ್ಟಿಯನ್ನೂ ಇಡುತ್ತದೆ. ಒಂದು ವಾರ ಸಹನೆಯಿಂದ ಬಳಸಿದವರಿಗೆ ಗ್ನೋಮ್ ಇಷ್ಟವಾಗುತ್ತದೆ, ಮೊದಲ ದಿನವೇ ತೀರ್ಪು ಕೊಡುವವರಿಗೆ ಆಗುವುದಿಲ್ಲ.

ಕೆಡಿಇ ಪ್ಲಾಸ್ಮಾ: ನೋಟ ವಿಂಡೋಸ್‌ನ ಹಾಗೆ, ಬದಲಾಯಿಸಬಹುದಾದ ಸೆಟ್ಟಿಂಗ್ಸ್ ಬೇಕಾದಷ್ಟು. ತಾವೇ ಎಲ್ಲ ಹೊಂದಿಸಿಕೊಳ್ಳುವ ಆಸೆ ಇರುವವರಿಗೆ ಹಬ್ಬ. ಕಂಪ್ಯೂಟರ್ ಅಂದರೆ ಹಿಂಜರಿಯುವ ಹಿರಿಯರಿಗೆ ಹಾಕಿಕೊಡುವುದಾದರೆ ನಾನು ಇದನ್ನು ಆರಿಸುವುದಿಲ್ಲ. ತಪ್ಪಿ ಕ್ಲಿಕ್ ಆದರೆ ಟಾಸ್ಕ್‌ಬಾರ್ ಜಾಗ ಬದಲಿಸಿಕೊಂಡಿರುತ್ತದೆ.

ಎಕ್ಸ್‌ಎಫ್‌ಸಿಇ: ಹಗುರ, ಸರಳ, ನೋಡಲು ಸ್ವಲ್ಪ ಹಳೆಯ ಕಾಲದ್ದು. 4 ಜಿಬಿ ರ‍್ಯಾಮ್‌ನ ಯಂತ್ರಕ್ಕೆ ಇದೇ.

ಹಂತ 4: ಈಗ ಡಿಸ್ಟ್ರೋ

ನೋಡಬೇಕಾದ್ದು ನಾಲ್ಕೇ ಹೆಸರು. ಉಳಿದವು ಕೆಟ್ಟವು ಅಂತಲ್ಲ, ಮೊದಲ ಸಲಕ್ಕೆ ಬೇಡ.

ಲಿನಕ್ಸ್ ಮಿಂಟ್. ಯಾರಾದರೂ ಬೇರೆ ವಿವರವೇನೂ ಕೊಡದೆ ಕೇಳಿದರೆ ನಾನು ಹೇಳುವ ಹೆಸರು ಇದು, ಅದರಲ್ಲೂ ಸಿನಮನ್ ಆವೃತ್ತಿ. 2006ರಿಂದ ಇದೆ. ಉಬುಂಟುವಿನ ಎಲ್‌ಟಿಎಸ್ ಆವೃತ್ತಿಯ ಮೇಲೆ ಕಟ್ಟುತ್ತಾರೆ. ಎಲ್‌ಟಿಎಸ್ ಅಂದರೆ ದೀರ್ಘಕಾಲ ಭದ್ರತಾ ಅಪ್‌ಡೇಟ್ ಸಿಗುವ ಆವೃತ್ತಿ. 2024ರಲ್ಲಿ ಬಂದ ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಸಿಗುತ್ತದೆ. ಆರು ತಿಂಗಳಿಗೊಮ್ಮೆ ಮನೆ ಬದಲಿಸುವ ಗೋಳಿಲ್ಲ.

ಮಿಂಟ್‌ನಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು ಎರಡು ಸಾಧನ. ಅಪ್‌ಡೇಟ್ ಮ್ಯಾನೇಜರ್ ಏನು ಬಂದಿದೆ ಎಂದು ಪಟ್ಟಿ ಕೊಡುತ್ತದೆ, ನಿಮ್ಮನ್ನು ಕೇಳಿ ಹಾಕುತ್ತದೆ. ಕೆಲಸದ ನಡುವೆ ತಾನೇ ರೀಸ್ಟಾರ್ಟ್ ಆಗುವುದಿಲ್ಲ. ಟೈಮ್‌ಶಿಫ್ಟ್ ಅನ್ನುವುದು ವ್ಯವಸ್ಥೆಯ ಸ್ಥಿತಿಯನ್ನು ಆಗಾಗ ಉಳಿಸಿಡುತ್ತದೆ. ಅಪ್‌ಡೇಟ್ ಏನಾದರೂ ಕೆಡಿಸಿದರೆ ನಿನ್ನೆಯ ಸ್ಥಿತಿಗೆ ಮರಳಬಹುದು. ನಾನು ಮೇಲೆ ಹೇಳಿದ ಆರು ತಿಂಗಳ ಪರೀಕ್ಷೆಗೆ ಉತ್ತರ ಇದು. ಕೊರತೆಯೂ ಇದೆ. ತೀರಾ ಹೊಸ, ಮಾರುಕಟ್ಟೆಗೆ ಬಂದು ಕೆಲವೇ ತಿಂಗಳಾದ ಲ್ಯಾಪ್‌ಟಾಪ್‌ನಲ್ಲಿ ಮಿಂಟ್‌ನ ಕರ್ನಲ್ ಹಳೆಯದೆನಿಸಿ ವೈಫೈ ಅಥವಾ ಟಚ್‌ಪ್ಯಾಡ್ ಕೆಲಸ ಮಾಡದಿರಬಹುದು.

ಉಬುಂಟು. 2004ರ ಅಕ್ಟೋಬರ್‌ನಲ್ಲಿ ಮೊದಲ ಆವೃತ್ತಿ ಬಂತು. ಹಿಂದೆ ನಿಂತಿರುವುದು ಕ್ಯಾನೊನಿಕಲ್ ಕಂಪನಿ. ಇದರ ದೊಡ್ಡ ಬಲ ಮೂರನೇ ಪರೀಕ್ಷೆಯಲ್ಲಿದೆ. ಯಾವುದೇ ಸಮಸ್ಯೆಯನ್ನು ಉಬುಂಟು ಹೆಸರಿನೊಂದಿಗೆ ಹುಡುಕಿದರೆ ಯಾರೋ ಅದನ್ನು ಮೊದಲೇ ಕೇಳಿರುತ್ತಾರೆ. ಲಿನಕ್ಸ್‌ಗೆ ಸಾಫ್ಟ್‌ವೇರ್ ಕೊಡುವ ಕಂಪನಿಗಳೂ ಸಾಮಾನ್ಯವಾಗಿ ಇದರಲ್ಲಿ ಪರೀಕ್ಷಿಸುತ್ತವೆ. ಆ ಉತ್ತರಗಳು ಬಹುಪಾಲು ಮಿಂಟ್‌ಗೂ ಹೊಂದುತ್ತವೆ ಅನ್ನುವುದು ಮಿಂಟ್‌ಗೆ ಸಿಕ್ಕ ಲಾಭ.

ಉಬುಂಟು ವರ್ಷಕ್ಕೆ ಎರಡು ಸಲ, ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಬಿಡುಗಡೆಯಾಗುತ್ತದೆ. ಹೆಸರಿನಲ್ಲಿರುವ ಅಂಕಿ ಬೇರೇನಲ್ಲ, ವರ್ಷ ಮತ್ತು ತಿಂಗಳು. 24.04 ಅಂದರೆ 2024ರ ಏಪ್ರಿಲ್. ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರುವುದು ಎಲ್‌ಟಿಎಸ್, ಅದಕ್ಕೆ 5 ವರ್ಷ ಬೆಂಬಲ. ಉಬುಂಟು ಪ್ರೊ ಎಂಬ ಯೋಜನೆಗೆ ಸೇರಿಕೊಂಡರೆ 10 ವರ್ಷ. ಸ್ವಂತ ಬಳಕೆಗೆ 5 ಯಂತ್ರಗಳವರೆಗೆ ಅದು ಉಚಿತ. ನಡುವೆ ಬರುವ ಆವೃತ್ತಿಗಳಿಗೆ 9 ತಿಂಗಳಷ್ಟೇ ಬೆಂಬಲ.

ಎಚ್ಚರ: ಡೌನ್‌ಲೋಡ್ ಪುಟದಲ್ಲಿ ದೊಡ್ಡ ಅಂಕಿ ಕಂಡರೆ ಅದೇ ಒಳ್ಳೆಯದು ಅಂದುಕೊಂಡು ಇಳಿಸಿಕೊಳ್ಳಬೇಡಿ. ಎಲ್‌ಟಿಎಸ್ ಎಂದು ಬರೆದಿರುವುದನ್ನೇ ಹುಡುಕಿ.

ಉಬುಂಟು ಬಗ್ಗೆ ಜನ ಗೊಣಗುವುದು ಸ್ನ್ಯಾಪ್ ವಿಷಯಕ್ಕೆ. ಸ್ನ್ಯಾಪ್ ಅಂದರೆ ಸಾಫ್ಟ್‌ವೇರನ್ನು ಅದಕ್ಕೆ ಬೇಕಾದ ಸಾಮಾನಿನ ಸಮೇತ ಒಂದು ಡಬ್ಬಿಯಲ್ಲಿ ಹಾಕಿ ಕೊಡುವ ಕ್ಯಾನೊನಿಕಲ್‌ನ ವಿಧಾನ. 22.04ರಿಂದ ಫೈರ್‌ಫಾಕ್ಸ್ ಹಾಗೆಯೇ ಬರುತ್ತಿದೆ. ಮೊದಮೊದಲು ತೆರೆಯಲು ಬಹಳ ನಿಧಾನವಿತ್ತು, ಆಮೇಲೆ ಸುಧಾರಿಸಿತು. ಹೊಸಬರು ಇದನ್ನು ದೊಡ್ಡ ವಿಷಯ ಮಾಡಿಕೊಳ್ಳಬೇಕಿಲ್ಲ. ಮಿಂಟ್‌ನಲ್ಲಿ ಸ್ನ್ಯಾಪ್ ಇರುವುದಿಲ್ಲ, ಬದಲಿಗೆ ಫ್ಲ್ಯಾಟ್‌ಪ್ಯಾಕ್ ಎಂಬ ಅಂಥದ್ದೇ ಇನ್ನೊಂದು ಡಬ್ಬಿ ಇದೆ.

ಜೋರಿನ್ ಓಎಸ್. ಇದೂ ಉಬುಂಟು ಎಲ್‌ಟಿಎಸ್ ಮೇಲೆ ಕಟ್ಟಿದ್ದು, ವಿಂಡೋಸ್‌ನಿಂದ ಬರುವವರನ್ನೇ ಮನಸ್ಸಿನಲ್ಲಿಟ್ಟು ಮಾಡಿದ್ದು. ಒಂದು ಕ್ಲಿಕ್‌ನಲ್ಲಿ ಡೆಸ್ಕ್‌ಟಾಪ್‌ನ ವಿನ್ಯಾಸ ಬದಲಿಸಬಹುದು. ವಿಂಡೋಸ್‌ನ ಇನ್‌ಸ್ಟಾಲರ್ ಫೈಲ್ ಮೇಲೆ ಕ್ಲಿಕ್ ಮಾಡಿದರೆ ಸುಮ್ನೆ ದೋಷದ ಸಂದೇಶ ತೋರಿಸುವ ಬದಲು ಅದೇ ಕೆಲಸಕ್ಕೆ ಬೇರೆ ಏನಿದೆ ಎಂದು ಹೇಳುತ್ತದೆ. ಹೊಸಬರ ಅಂಜಿಕೆ ಅರ್ಥಮಾಡಿಕೊಂಡವರು ಮಾತ್ರ ಇಂಥದ್ದು ಮಾಡುತ್ತಾರೆ. ಪ್ರೊ ಎಂಬ ದುಡ್ಡಿನ ಆವೃತ್ತಿ ಇದೆ, ಕೋರ್ ಎಂಬ ಉಚಿತ ಆವೃತ್ತಿ ಸಾಕು.

ಫೆಡೋರಾ. 2003ರಿಂದ ಇದೆ, ರೆಡ್‌ಹ್ಯಾಟ್ ಕಂಪನಿಯ ಬೆಂಬಲವಿದೆ. ಹೊಸ ಕರ್ನಲ್ ಬೇಗ ಬರುವುದರಿಂದ ಹೊಸ ಲ್ಯಾಪ್‌ಟಾಪ್‌ಗಳಿಗೆ ಒಳ್ಳೆಯದು. ಕೆಲಸ ಅಚ್ಚುಕಟ್ಟು, ನನಗೆ ಬಹಳ ಇಷ್ಟ. ಆದರೂ ಹೊಸಬರಿಗೆ ಮೊದಲ ಆಯ್ಕೆಯಾಗಿ ಹೇಳುವುದಿಲ್ಲ, ಎರಡು ಕಾರಣಕ್ಕೆ. ಒಂದು, ಪ್ರತಿ ಆವೃತ್ತಿಗೆ ಸುಮಾರು 13 ತಿಂಗಳ ಬೆಂಬಲ ಮಾತ್ರ. ವರ್ಷಕ್ಕೊಮ್ಮೆಯಾದರೂ ಇಡೀ ವ್ಯವಸ್ಥೆಯನ್ನು ಮೇಲಿನ ಆವೃತ್ತಿಗೆ ಏರಿಸಲೇಬೇಕು. ಎರಡು, ಪೇಟೆಂಟ್ ಕಾರಣಕ್ಕೆ ಕೆಲವು ಕೋಡೆಕ್‌ಗಳನ್ನು ಫೆಡೋರಾ ಜೊತೆಗೆ ಕೊಡುವುದಿಲ್ಲ. ಕೋಡೆಕ್ ಅಂದರೆ ವಿಡಿಯೋ, ಹಾಡಿನ ಫೈಲನ್ನು ಬಿಚ್ಚಿ ತೋರಿಸುವ ತುಣುಕು. ಫೋನ್‌ನಿಂದ ತಂದ ವಿಡಿಯೋ ತೆರೆಯದಿದ್ದರೆ ಆರ್‌ಪಿಎಂ ಫ್ಯೂಷನ್ ಎಂಬ ಬೇರೆ ಸಂಗ್ರಹವನ್ನು ಸೇರಿಸಿಕೊಳ್ಳಬೇಕು. ಕಷ್ಟವೇನಲ್ಲ, ಆದರೆ ಮೊದಲ ದಿನವೇ ಯಾಕೆ ಈ ಕೆಲಸ, ಅಲ್ವಾ?

ಉಳಿದವು ಬೇಗ ಹೇಳಿಬಿಡುತ್ತೇನೆ. 1993ರಿಂದಿರುವ ಡೆಬಿಯನ್ ಬಂಡೆಯಂತೆ ಗಟ್ಟಿ. ಮೊದಲು ವೈಫೈಗೆ ಬೇಕಾದ ಫರ್ಮ್‌ವೇರ್, ಅಂದರೆ ಚಿಪ್ ಒಳಗೆ ನಡೆಯುವ ಸಾಫ್ಟ್‌ವೇರ್, ಹುಡುಕಿ ತರಬೇಕಿತ್ತು, 2023ರ ಡೆಬಿಯನ್ 12ರಿಂದ ಅದೂ ಜೊತೆಗೇ ಬರುತ್ತಿದೆ. ಎರಡನೇ ಡಿಸ್ಟ್ರೋ ಆಗಿ ನೋಡಿ. ಪಾಪ್ ಓಎಸ್ ಎನ್‌ವಿಡಿಯಾಗೆ ಬೇರೆಯೇ ಫೈಲ್ ಕೊಡುತ್ತದೆ ಅನ್ನುವುದು ಅದರ ಅನುಕೂಲ. ಅದರ ಕಾಸ್ಮಿಕ್ ಡೆಸ್ಕ್‌ಟಾಪ್ ಇನ್ನೂ ಎಳೆಯದು. ಆರ್ಚ್, ಮಂಜಾರೋ, ಓಪನ್‌ಸೂಸೆ ಟಂಬಲ್‌ವೀಡ್ ಇವು ರೋಲಿಂಗ್ ರಿಲೀಸ್. ಅಂದರೆ ಆವೃತ್ತಿ ಅನ್ನುವುದೇ ಇಲ್ಲ, ಹೊಸದು ಬಂದ ಹಾಗೆ ಹರಿದು ಬರುತ್ತಲೇ ಇರುತ್ತದೆ. ಕಲಿಯಲು ಅದ್ಭುತ. ನಾಳೆ ಬೆಳಿಗ್ಗೆ ಕೆಲಸ ಇರುವ ಒಂದೇ ಯಂತ್ರದಲ್ಲಿ ಹೊಸಬರು ಹಾಕುವುದು ಬೇಡ.

ಎಚ್ಚರ: ಎರಡು ವಾರ ಹೋಲಿಕೆ ವಿಡಿಯೋ ನೋಡುತ್ತಾ ಕೂರಬೇಡಿ. ಮೇಲಿನ ನಾಲ್ಕರಲ್ಲಿ ಎರಡನ್ನು ಆರಿಸಿ, ಮುಂದಿನ ಹಂತಕ್ಕೆ ನಡೆಯಿರಿ. ನಿಮ್ಮ ಯಂತ್ರದಲ್ಲಿ ಹದಿನೈದು ನಿಮಿಷ ನಡೆಸಿ ನೋಡಿದರೆ ಗೊತ್ತಾಗುವುದು ಹತ್ತು ಲೇಖನ ಓದಿದರೂ ಗೊತ್ತಾಗುವುದಿಲ್ಲ. ಈ ಲೇಖನವೂ ಸೇರಿ.

ಹಂತ 5: ಪೆನ್‌ಡ್ರೈವ್ ತಯಾರಿಸಿ

ಡಿಸ್ಟ್ರೋ ಒಂದು ಐಎಸ್‌ಒ ಫೈಲ್ ಆಗಿ ಬರುತ್ತದೆ. ಅದರದ್ದೇ ಅಧಿಕೃತ ಜಾಲತಾಣದಿಂದಲೇ ಇಳಿಸಿಕೊಳ್ಳಿ. ಇಳಿಸಿದ ಮೇಲೆ ಚೆಕ್‌ಸಮ್ ಹೋಲಿಸಿ. ಚೆಕ್‌ಸಮ್ ಅಂದರೆ ಫೈಲ್‌ನ ಬೆರಳಚ್ಚು ಇದ್ದ ಹಾಗೆ, ಒಂದು ಅಕ್ಷರ ಬದಲಾದರೂ ಬೇರೆಯಾಗುತ್ತದೆ. ವಿಂಡೋಸ್‌ನಲ್ಲಿ ಸೆವೆನ್-ಜಿಪ್ ಹಾಕಿಕೊಂಡಿದ್ದರೆ ಫೈಲ್ ಮೇಲೆ ಬಲಕ್ಲಿಕ್ ಮಾಡಿ ಎಸ್‌ಎಚ್‌ಎ-256 ಲೆಕ್ಕ ಮಾಡಿಸಬಹುದು. ಜಾಲತಾಣದಲ್ಲಿ ಕೊಟ್ಟಿರುವುದಕ್ಕೆ ಅದು ತಾಳೆಯಾಗಬೇಕು. ಇದು ಅತಿ ಜಾಗ್ರತೆಯಲ್ಲ. 2016ರ ಫೆಬ್ರವರಿಯಲ್ಲಿ ಮಿಂಟ್‌ನ ಜಾಲತಾಣಕ್ಕೇ ನುಗ್ಗಿದವರು ಡೌನ್‌ಲೋಡ್ ಕೊಂಡಿಯನ್ನು ಕಳ್ಳಬಾಗಿಲು ಇಟ್ಟ ಫೈಲ್‌ಗೆ ತಿರುಗಿಸಿದ್ದರು. ತಂಡ ಕೂಡಲೇ ಪತ್ತೆಹಚ್ಚಿ ತಾನೇ ಎಲ್ಲರಿಗೂ ತಿಳಿಸಿತು. ಆ ದಿನ ಇಳಿಸಿಕೊಂಡವರಿಗೆ ತಮ್ಮ ಫೈಲ್ ಸರಿಯೋ ಅಲ್ಲವೋ ಎಂದು ತಿಳಿಯಲು ಇದ್ದ ದಾರಿ ಚೆಕ್‌ಸಮ್.

ಒಂದೇ ಡಿಸ್ಟ್ರೋವನ್ನು ಪೆನ್‌ಡ್ರೈವ್‌ಗೆ ಬರೆಯಲು ರೂಫಸ್ ಅಥವಾ ಬಲೇನಾ ಎಚರ್ ಎಂಬ ಸಾಧನ ಸಾಕು. ಹೋಲಿಸಿ ನೋಡಲು ವೆಂಟಾಯ್ ಬಳಸಿ. ಅದನ್ನು ಒಮ್ಮೆ ಪೆನ್‌ಡ್ರೈವ್‌ಗೆ ಹಾಕಿದರೆ ಸಾಕು, ಆಮೇಲೆ ಐಎಸ್‌ಒ ಫೈಲ್‌ಗಳನ್ನು ಸುಮ್ನೆ ಕಾಪಿ ಮಾಡುತ್ತಾ ಹೋಗಬಹುದು. ಕಂಪ್ಯೂಟರ್ ಶುರುವಾದಾಗ ಯಾವುದು ಬೇಕು ಎಂದು ಪಟ್ಟಿ ತೋರಿಸುತ್ತದೆ.

ಎಚ್ಚರ: ಈ ಎಲ್ಲ ಸಾಧನಗಳೂ ಪೆನ್‌ಡ್ರೈವ್‌ನಲ್ಲಿ ಮೊದಲಿದ್ದುದನ್ನು ಅಳಿಸುತ್ತವೆ. ಇನ್ನೊಂದು, ವೆಂಟಾಯ್ ಇಲ್ಲದ ಪೆನ್‌ಡ್ರೈವ್‌ಗೆ ಐಎಸ್‌ಒ ಫೈಲ್ ಎಳೆದು ಹಾಕಿದರೆ ಅದರಿಂದ ಕಂಪ್ಯೂಟರ್ ಏಳುವುದಿಲ್ಲ. ಹೊಸಬರಲ್ಲಿ ಬಹಳ ಜನ ಇಲ್ಲೇ ಎಡವುತ್ತಾರೆ.

ಹಂತ 6: ಹಾಕುವ ಮೊದಲು ನಡೆಸಿ ನೋಡಿ

ಲಿನಕ್ಸ್‌ನ ದೊಡ್ಡ ಅನುಕೂಲ ಲೈವ್ ಸೆಷನ್. ಡಿಸ್ಕ್‌ಗೆ ಏನೂ ಬರೆಯದೆ ಪೆನ್‌ಡ್ರೈವ್‌ನಿಂದಲೇ ಇಡೀ ವ್ಯವಸ್ಥೆ ನಡೆಯುತ್ತದೆ. ಕಂಪ್ಯೂಟರ್ ಆನ್ ಮಾಡಿದ ತಕ್ಷಣ ಬೂಟ್ ಮೆನು ಕೀಲಿ ಒತ್ತಿ. ತಯಾರಕರನ್ನು ಅವಲಂಬಿಸಿ ಅದು ಎಫ್12, ಎಫ್9, ಎಫ್8 ಅಥವಾ ಎಸ್ಕೇಪ್ ಆಗಿರುತ್ತದೆ. ಪಟ್ಟಿಯಲ್ಲಿ ಪೆನ್‌ಡ್ರೈವ್ ಆರಿಸಿ. ಸೆಕ್ಯೂರ್ ಬೂಟ್ (ಸಹಿ ಇಲ್ಲದ ವ್ಯವಸ್ಥೆ ಏಳದಂತೆ ತಡೆಯುವ ಕಾವಲು) ಆನ್ ಇದ್ದರೆ ವೆಂಟಾಯ್ ಮೊದಲ ಸಲ ತನ್ನ ಕೀಲಿ ನೋಂದಾಯಿಸಲು ಕೇಳಬಹುದು, ಪರದೆಯಲ್ಲಿ ಬಂದಂತೆ ಮಾಡಿ.

ಈಗ ಒಂದೊಂದಾಗಿ ಪರೀಕ್ಷಿಸಿ. ವೈಫೈ ಸಿಕ್ಕಿತಾ? ಸ್ಪೀಕರ್, ಹೆಡ್‌ಫೋನ್, ಮೈಕ್? ಕ್ಯಾಮೆರಾ? ಪರದೆಯ ಬೆಳಕು ಹೆಚ್ಚು ಕಡಿಮೆ ಮಾಡುವ ಕೀಲಿಗಳು? ಟಚ್‌ಪ್ಯಾಡ್‌ನಲ್ಲಿ ಎರಡು ಬೆರಳಿನ ಸ್ಕ್ರೋಲ್? ಬ್ಲೂಟೂತ್? ಪ್ರಿಂಟರ್ ಇದ್ದರೆ ಜೋಡಿಸಿ ಒಂದು ಹಾಳೆ ಅಚ್ಚು ಮಾಡಿ. ವಿಡಿಯೋ ಒಂದನ್ನು ಪೂರ್ತಿ ಪರದೆಯಲ್ಲಿ ನೋಡಿ.

ಎಲ್ಲರೂ ಮರೆಯುವುದು ಲ್ಯಾಪ್‌ಟಾಪ್ ಮುಚ್ಚಳ. ಮುಚ್ಚಿ, ಎರಡು ನಿಮಿಷ ಬಿಟ್ಟು ತೆರೆಯಿರಿ. ಎಚ್ಚರವಾಗಿ ಮೊದಲಿನಂತೆ ನಡೆದರೆ ಸರಿ. ಕಪ್ಪು ಪರದೆಯಲ್ಲೇ ನಿಂತರೆ ಆ ಡಿಸ್ಟ್ರೋ ಆ ಯಂತ್ರಕ್ಕೆ ಹೊಂದಿಲ್ಲ, ಎರಡನೆಯದನ್ನು ನೋಡಿ. ಎನ್‌ವಿಡಿಯಾ ಯಂತ್ರದಲ್ಲಿ ಮಾತ್ರ ಈ ಪರೀಕ್ಷೆಯ ಫಲವನ್ನು ಕೊನೆಯ ಮಾತಾಗಿ ತೆಗೆದುಕೊಳ್ಳಬೇಡಿ, ಸರಿಯಾದ ಡ್ರೈವರ್ ಹಾಕಿದ ಮೇಲೆ ಬದಲಾಗಬಹುದು. ಬೆರಳಚ್ಚು ಓದುವ ಸೆನ್ಸರ್ ಕೆಲಸ ಮಾಡದಿದ್ದರೆ ಆಶ್ಚರ್ಯಪಡಬೇಡಿ, ಎಷ್ಟೋ ಸೆನ್ಸರ್‌ಗಳಿಗೆ ಲಿನಕ್ಸ್ ಡ್ರೈವರ್ ಇಲ್ಲ.

ವೇಗವನ್ನು ಮಾತ್ರ ಇಲ್ಲಿ ಅಳೆಯಬೇಡಿ. ಪೆನ್‌ಡ್ರೈವ್‌ನಿಂದ ಓದುವುದರಿಂದ ಎಲ್ಲವೂ ನಿಧಾನವಾಗಿಯೇ ಇರುತ್ತದೆ.

ಹಂತ 7: ಹಾಕುವುದು

ಮೊದಲು ಫೈಲ್‌ಗಳ ನಕಲನ್ನು ಬೇರೆ ಡಿಸ್ಕ್‌ಗೆ ತೆಗೆಯಿರಿ. ನಕಲು ಸರಿಯಾಗಿ ತೆರೆಯುತ್ತದಾ ಎಂದು ನಾಲ್ಕು ಫೈಲ್ ತೆರೆದು ನೋಡಿ. ಈ ಮಾತನ್ನು ದಾಟಿ ಮುಂದೆ ಹೋಗಬೇಡಿ.

ವಿಂಡೋಸನ್ನೂ ಉಳಿಸಿಕೊಳ್ಳುವುದಾದರೆ, ಅಂದರೆ ಡ್ಯುಯಲ್ ಬೂಟ್ ಮಾಡುವುದಾದರೆ, ವಿಂಡೋಸ್ ಒಳಗೆ ಮೂರು ಕೆಲಸ ಮಾಡಿ.

ಬಿಟ್‌ಲಾಕರ್ ನೋಡಿ. ಇದು ಡಿಸ್ಕ್‌ಗೆ ಬೀಗ ಹಾಕುವ ವ್ಯವಸ್ಥೆ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ನಿಮಗೆ ಗೊತ್ತಿಲ್ಲದೆಯೇ ಆನ್ ಆಗಿರುತ್ತದೆ. ಬೂಟ್ ಸೆಟ್ಟಿಂಗ್ಸ್ ಮುಟ್ಟಿದ ಮೇಲೆ ವಿಂಡೋಸ್ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಅದಿಲ್ಲದಿದ್ದರೆ ಒಳಗಿನ ಫೈಲ್‌ಗಳು ಹೋದ ಹಾಗೆಯೇ. ಮೈಕ್ರೋಸಾಫ್ಟ್ ಖಾತೆಯಲ್ಲಿ ಕೀ ಇದೆಯಾ ನೋಡಿ ಕಾಗದದಲ್ಲಿ ಬರೆದಿಡಿ.

ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಯ್ಕೆಗಳಲ್ಲಿ ಸಿಗುತ್ತದೆ. ಇದು ಆನ್ ಇದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಆ ಡಿಸ್ಕ್‌ಗೆ ಲಿನಕ್ಸ್‌ನಿಂದ ಬರೆಯಲು ಆಗುವುದಿಲ್ಲ.

ಜಾಗ ಬಿಡಿಸಿ. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದಲೇ ಸಿ ಡ್ರೈವನ್ನು ಕುಗ್ಗಿಸಿ. 60 ಜಿಬಿ ಆದರೂ ಬಿಡಿ, 100 ಇದ್ದರೆ ನೆಮ್ಮದಿ.

ಆಮೇಲೆ ಲೈವ್ ಸೆಷನ್‌ನಲ್ಲಿ ಇನ್‌ಸ್ಟಾಲ್ ಐಕಾನ್ ಒತ್ತಿ. ಭಾಷೆ, ಕೀಬೋರ್ಡ್, ಸಮಯವಲಯ ಕೇಳುತ್ತದೆ. ಮಿಂಟ್‌ನಲ್ಲಿ ಮಲ್ಟಿಮೀಡಿಯಾ ಕೋಡೆಕ್ ಹಾಕಲೇ ಎಂದು ಕೇಳಿದಾಗ ಹೌದು ಅನ್ನಿ. ಉಬುಂಟುವಿನಲ್ಲಿ ಥರ್ಡ್ ಪಾರ್ಟಿ ಸಾಫ್ಟ್‌ವೇರ್ ಎಂಬ ಚೌಕಕ್ಕೆ ಗುರುತು ಹಾಕಿ. ಇದನ್ನು ಬಿಟ್ಟರೆ ಆಮೇಲೆ ವಿಡಿಯೋ, ವೈಫೈ, ಗ್ರಾಫಿಕ್ಸ್ ಎಂದು ಹುಡುಕಾಟ.

ಎಚ್ಚರ: "ಇರೇಸ್ ಡಿಸ್ಕ್" ಅಂದರೆ ಇಡೀ ಡಿಸ್ಕ್ ಖಾಲಿ. ವಿಂಡೋಸ್, ಫೋಟೋ, ಡಿ ಡ್ರೈವ್ ಎಲ್ಲ. ಡ್ಯುಯಲ್ ಬೂಟ್ ಬೇಕಾದವರು "ಅಲಾಂಗ್‌ಸೈಡ್" ಪದವಿರುವ ಆಯ್ಕೆ ಒತ್ತಬೇಕು. ಆ ಆಯ್ಕೆಯೇ ಕಾಣದಿದ್ದರೆ ಊಹೆ ಮಾಡಿ ಮುಂದುವರಿಯಬೇಡಿ. ಹಿಂದೆ ಬಂದು, ವಿಂಡೋಸನ್ನು ಪೂರ್ತಿ ಶಟ್‌ಡೌನ್ ಮಾಡಿ, ಬಿಟ್‌ಲಾಕರ್ ಆನ್ ಇದ್ದರೆ ಆಫ್ ಮಾಡಿ, ಮತ್ತೆ ಶುರು ಮಾಡಿ.

ಹಂತ 8: ಮೊದಲ ದಿನದ ಕೆಲಸ

ಇಂಟರ್ನೆಟ್ ಜೋಡಿಸಿ, ಬಂದಿರುವ ಅಪ್‌ಡೇಟ್ ಎಲ್ಲ ಹಾಕಿ, ಒಮ್ಮೆ ರೀಸ್ಟಾರ್ಟ್ ಮಾಡಿ.

ಎನ್‌ವಿಡಿಯಾ ಇರುವವರು ಡ್ರೈವರ್ ಮ್ಯಾನೇಜರ್ ತೆರೆಯಿರಿ. ಉಬುಂಟುವಿನಲ್ಲಿ ಅಡಿಷನಲ್ ಡ್ರೈವರ್ಸ್ ಎಂದಿರುತ್ತದೆ. ರೆಕಮೆಂಡೆಡ್ ಎಂದು ಬರೆದಿರುವುದನ್ನೇ ಆರಿಸಿ. ಎನ್‌ವಿಡಿಯಾದ ಜಾಲತಾಣದಿಂದ ಫೈಲ್ ತಂದು ಹಾಕಬೇಡಿ. ವಿಂಡೋಸ್‌ನ ಅಭ್ಯಾಸ ಅದು. ಇಲ್ಲಿ ಹಾಗೆ ಮಾಡಿದರೆ ಮುಂದೆ ಕರ್ನಲ್ ಅಪ್‌ಡೇಟ್ ಆದಾಗ ಪರದೆ ಬಾರದೇ ಹೋಗಬಹುದು.

ಸೆಕ್ಯೂರ್ ಬೂಟ್ ಆನ್ ಇದ್ದರೆ ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳುತ್ತದೆ. ರೀಸ್ಟಾರ್ಟ್ ಆದಾಗ ನೀಲಿ ಪರದೆ ಬರುತ್ತದೆ. ಅದು ದೋಷವಲ್ಲ. ಅಲ್ಲಿ "ಎನ್‌ರೋಲ್ ಎಂಒಕೆ" ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಗಾಬರಿಯಲ್ಲಿ "ಕಂಟಿನ್ಯೂ" ಒತ್ತಿದರೆ ಡ್ರೈವರ್ ಹಾಕಿದ್ದೂ ಹಾಕದ ಹಾಗೆ.

ಟೈಮ್‌ಶಿಫ್ಟ್ ಹೊಂದಿಸಿ. ಮಿಂಟ್‌ನಲ್ಲಿ ಮೊದಲೇ ಇರುತ್ತದೆ, ಉಬುಂಟುವಿನಲ್ಲಿ ಹಾಕಿಕೊಳ್ಳಬಹುದು. ವಾರಕ್ಕೊಂದು ಸ್ನ್ಯಾಪ್‌ಶಾಟ್ ಸಾಕು. ಆದರೆ ಇದು ನಿಮ್ಮ ಫೋಟೋ, ಕಡತಗಳ ಬ್ಯಾಕಪ್ ಅಲ್ಲ. ಹೋಮ್ ಫೋಲ್ಡರನ್ನು ಅದು ತಾನಾಗಿ ಉಳಿಸುವುದಿಲ್ಲ, ಅದಕ್ಕೆ ಬೇರೆ ಡಿಸ್ಕ್ ಬೇಕೇ ಬೇಕು.

ಸಾಫ್ಟ್‌ವೇರ್ ಬೇಕಾದಾಗ ಮೊದಲು ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಹುಡುಕಿ. ಅಲ್ಲಿಲ್ಲದಿದ್ದರೆ ಮಾತ್ರ ಬೇರೆ ಕಡೆ. ಫ್ಲ್ಯಾಟ್‌ಪ್ಯಾಕ್ ಅಥವಾ ಸ್ನ್ಯಾಪ್‌ನಲ್ಲಿ ಬಂದ ಸಾಫ್ಟ್‌ವೇರ್‌ಗೆ ಕೆಲವೊಮ್ಮೆ ಪೆನ್‌ಡ್ರೈವ್ ಅಥವಾ ಇನ್ನೊಂದು ಡಿಸ್ಕ್ ಕಾಣುವುದಿಲ್ಲ. ಫೈಲ್ ಕಳೆದುಹೋಗಿರುವುದಿಲ್ಲ, ಡಬ್ಬಿಯೊಳಗಿನಿಂದ ಅನುಮತಿ ಇಲ್ಲ ಅಷ್ಟೇ. ಫ್ಲ್ಯಾಟ್‌ಸೀಲ್ ಎಂಬ ಸಣ್ಣ ಸಾಧನದಿಂದ ಫ್ಲ್ಯಾಟ್‌ಪ್ಯಾಕ್‌ಗಳಿಗೆ ಆ ಅನುಮತಿ ಕೊಡಬಹುದು.

ಕನ್ನಡ ಬರೆಯುವುದು ಹೇಗೆ ಎಂದೂ ಕೇಳುತ್ತಾರೆ. ಸೆಟ್ಟಿಂಗ್ಸ್‌ನ ಕೀಬೋರ್ಡ್ ವಿಭಾಗದಲ್ಲಿ ಹೊಸ ಲೇಔಟ್ ಸೇರಿಸುವಾಗ ಕನ್ನಡ ಹುಡುಕಿ. ಇನ್‌ಸ್ಕ್ರಿಪ್ಟ್ ಮತ್ತು ಕಗಪ ಎರಡೂ ಇರುತ್ತವೆ. ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಕನ್ನಡ ಬರಿಸಿಕೊಳ್ಳುವ ಅಭ್ಯಾಸವಿದ್ದರೆ ಐಬಸ್ ಎಂಬ ಟೈಪಿಂಗ್ ಸಾಧನ ಮತ್ತು ಅದರ ಎಂ17ಎನ್ ಪ್ಯಾಕೇಜ್ ಹಾಕಿ, ಒಮ್ಮೆ ಲಾಗ್‌ಔಟ್ ಆಗಿ ಬನ್ನಿ. ಲಾಗ್‌ಔಟ್ ಮಾಡದೆ "ಬರುತ್ತಿಲ್ಲ" ಅನ್ನುವವರೇ ಜಾಸ್ತಿ.

ಡ್ಯುಯಲ್ ಬೂಟ್ ಮಾಡಿದವರಿಗೆ ವಿಂಡೋಸ್‌ಗೆ ಹೋದಾಗ ಗಡಿಯಾರ ತಪ್ಪು ಸಮಯ ತೋರಿಸಬಹುದು. ಯಂತ್ರದೊಳಗಿನ ಗಡಿಯಾರವನ್ನು ವಿಂಡೋಸ್ ಸ್ಥಳೀಯ ಸಮಯ ಎಂದು ಓದುತ್ತದೆ, ಲಿನಕ್ಸ್ ಜಾಗತಿಕ ಸಮಯ ಎಂದು ಓದುತ್ತದೆ. ಯಾವುದಾದರೂ ಒಂದರಲ್ಲಿ ಈ ಸೆಟ್ಟಿಂಗ್ ಬದಲಿಸಿದರೆ ಸರಿಯಾಗುತ್ತದೆ, ಬ್ಯಾಟರಿ ಬದಲಿಸಲು ಹೋಗಬೇಡಿ.

ಕೊನೆಗೆ, ಸಹಾಯ ಕೇಳುವಾಗ ಡಿಸ್ಟ್ರೋ ಹೆಸರು, ಆವೃತ್ತಿಯ ಅಂಕಿ, ಡೆಸ್ಕ್‌ಟಾಪ್ ಹೆಸರು, ಲ್ಯಾಪ್‌ಟಾಪ್ ಮಾದರಿ ನಾಲ್ಕನ್ನೂ ಬರೆಯಿರಿ. ದೋಷದ ಸಂದೇಶವನ್ನು ಇದ್ದದ್ದು ಇದ್ದ ಹಾಗೆ ಕೊಡಿ. ಉತ್ತರವಾಗಿ ಯಾರಾದರೂ ಟರ್ಮಿನಲ್‌ಗೆ, ಅಂದರೆ ಆಜ್ಞೆ ಟೈಪ್ ಮಾಡುವ ಕಿಟಕಿಗೆ, ಹಾಕಲು ಸಾಲು ಕೊಟ್ಟರೆ ಅದು ಏನು ಮಾಡುತ್ತದೆ ಎಂದು ಕೇಳಿ ತಿಳಿದ ಮೇಲೆ ಹಾಕಿ. "ಸುಡೊ" ಎಂದು ಶುರುವಾಗುವ ಸಾಲಿಗಂತೂ ಇದು ಕಡ್ಡಾಯ ಅಂದುಕೊಳ್ಳಿ. ಆ ಪದ ಆಜ್ಞೆಗೆ ಇಡೀ ಯಂತ್ರದ ಮೇಲೆ ಅಧಿಕಾರ ಕೊಡುತ್ತದೆ.